ಯಾವುದಕ್ಕೆ ಹೋಲಿಸಿದರೆ?

ಆಟಿಸಂ ಇದೆ ಎಂಬ ವರದಿ ಬಂದ ಮನೆಗೆ ಮಾಹಿತಿಯ ಬರವಿರುವುದಿಲ್ಲ. ಗೋಧಿ, ಹಾಲು ಬಿಡಿಸಿ ಎನ್ನುವವರು ಒಬ್ಬರು. ಮೊಬೈಲ್ ನೋಡಿಯೇ ಹೀಗಾಯಿತು ಎನ್ನುವವರು ಇನ್ನೊಬ್ಬರು. ಸ್ಟೆಮ್ ಸೆಲ್ ಹಾಕಿಸಿದರೆ ಮಾತು ಬರುತ್ತದಂತೆ ಎಂದು ವಿಡಿಯೊ ಕಳಿಸುವವರು ಮತ್ತೊಬ್ಬರು. ಥೆರಪಿ ಸೆಂಟರಿಗೆ ಹೋದರೆ, ವಾರಕ್ಕೆ ಇಷ್ಟು ಗಂಟೆ ಬಂದರೆ ಮಾತ್ರ ಫಲ ಎನ್ನುತ್ತಾರೆ. ಎಲ್ಲರೂ ಕೊನೆಗೆ ಹೇಳುವುದು ಒಂದೇ: 'ಇದಕ್ಕೆ ರಿಸರ್ಚ್ ಇದೆ.' ಬಹಳ ಸಲ ಅದು ನಿಜವೂ ಹೌದು. ಹುಡುಕಿದರೆ ಎಲ್ಲೋ ಒಂದು ಪತ್ರಿಕೆಯಲ್ಲಿ ಹತ್ತಿಪ್ಪತ್ತು ಮಕ್ಕಳ ಮೇಲೆ ನಡೆಸಿದ ಅಧ್ಯಯನ ಸಿಕ್ಕೇ ಸಿಗುತ್ತದೆ. ಆ ಮಕ್ಕಳು ಸುಧಾರಿಸಿದರು ಎನ್ನುವುದಾದರೆ, ಯಾವ ಮಕ್ಕಳಿಗೆ ಹೋಲಿಸಿದರೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಆಟಿಸಂ ಸಂಶೋಧನೆಯ ಹೆಸರಿನಲ್ಲಿ ಬರುವುದನ್ನೆಲ್ಲ ಈ ಒಂದು ಪ್ರಶ್ನೆಯಿಂದಲೇ ಬಹುಮಟ್ಟಿಗೆ ತೂಗಬಹುದು ಎಂದು ನಾನು ನಂಬಿದ್ದೇನೆ.

ಸೆಕ್ರೆಟಿನ್ ಪ್ರಕರಣ ಪ್ರತಿಯೊಬ್ಬ ತಂದೆತಾಯಿಗೂ ಗೊತ್ತಿರಬೇಕು. ಸೆಕ್ರೆಟಿನ್ ನಮ್ಮ ಕರುಳೇ ತಯಾರಿಸುವ ಒಂದು ಹಾರ್ಮೋನು. ಹೊಟ್ಟೆಯ ತಪಾಸಣೆಗೆಂದು ಅದನ್ನು ಕೊಟ್ಟಿದ್ದ ಮೂವರು ಆಟಿಸ್ಟಿಕ್ ಮಕ್ಕಳು ಕೆಲವೇ ವಾರಗಳಲ್ಲಿ ಕಣ್ಣಲ್ಲಿ ಕಣ್ಣಿಟ್ಟು ನೋಡತೊಡಗಿದರು, ಅವರ ಮಾತು ಹೆಚ್ಚಿತು ಎಂದು 1998ರಲ್ಲಿ ಅಮೆರಿಕದಲ್ಲೊಂದು ವರದಿ ಬಂತು. ಟಿವಿಯಲ್ಲಿ ಸುದ್ದಿಯಾದದ್ದೇ ತಡ, ಸಾವಿರಾರು ಕುಟುಂಬಗಳು ಆ ಚುಚ್ಚುಮದ್ದಿಗೆ ಮುಗಿಬಿದ್ದವು. ಮರುವರ್ಷ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿತು. ಅದರಲ್ಲಿ 60 ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಸೆಕ್ರೆಟಿನ್, ಇನ್ನೊಂದಕ್ಕೆ ಬರೀ ಉಪ್ಪುನೀರು ಚುಚ್ಚಿದ್ದರು. ಯಾವ ಮಗುವಿಗೆ ಯಾವುದು ಹೋಯಿತೆಂದು ಅಪ್ಪ ಅಮ್ಮನಿಗೂ ಗೊತ್ತಿರಲಿಲ್ಲ, ಅಳೆಯುವವರಿಗೂ ಗೊತ್ತಿರಲಿಲ್ಲ. ನಾಲ್ಕು ವಾರ ಕಳೆದ ಮೇಲೆ ನೋಡಿದರೆ ಸೆಕ್ರೆಟಿನ್ ಪಡೆದ ಮಕ್ಕಳು ಸುಧಾರಿಸಿದ್ದರು. ಉಪ್ಪುನೀರು ಪಡೆದವರೂ ಹೆಚ್ಚುಕಡಿಮೆ ಅಷ್ಟೇ ಸುಧಾರಿಸಿದ್ದರು.

ಉಪ್ಪುನೀರಿನಲ್ಲಿ ಏನಿತ್ತು? ಏನೂ ಇರಲಿಲ್ಲ. ಮಕ್ಕಳು ಬೆಳೆಯುತ್ತಾರೆ, ಆಟಿಸಂ ಇರುವ ಮಕ್ಕಳೂ ಬೆಳೆಯುತ್ತಾರೆ. ತೀರಾ ಕಷ್ಟದ ದಿನಗಳಲ್ಲಿ ಹೊಸ ಚಿಕಿತ್ಸೆ ಹುಡುಕಿಕೊಂಡು ಹೋಗುತ್ತೇವೆ. ಆ ದಿನಗಳು ತಾವಾಗಿಯೇ ಕಳೆದಾಗ ಕೀರ್ತಿ ಚಿಕಿತ್ಸೆಗೆ ಸಲ್ಲುತ್ತದೆ. ಆಸೆಯಿಂದ ನೋಡುವ ಕಣ್ಣಿಗೆ ನಿನ್ನೆಯೂ ಇದ್ದ ನಗು ಇವತ್ತು ಹೊಸದಾಗಿ ಕಾಣುತ್ತದೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಔಷಧದಿಂದ ಲಾಭವಿಲ್ಲ ಎಂದು ತಿಳಿಸಿದ ಮೇಲೂ ಆ ಪ್ರಯೋಗದ ತಂದೆತಾಯಿಯರಲ್ಲಿ ನೂರಕ್ಕೆ 69 ಮಂದಿ ಅದರಲ್ಲಿ ಆಸಕ್ತಿ ಬಿಟ್ಟಿರಲಿಲ್ಲ. ಓದಿದಾಗ ನನ್ನನ್ನು ಬಹಳ ಕಲಕಿದ ಸಂಖ್ಯೆ ಇದು. ಆಮೇಲೆ ಇಂಥ 16 ಪ್ರಯೋಗಗಳನ್ನು, 900ಕ್ಕೂ ಹೆಚ್ಚು ಮಕ್ಕಳ ವಿವರವನ್ನು, ಕಾಕ್ರೇನ್ ಸಂಸ್ಥೆಯ ಸಮೀಕ್ಷೆ ಒಟ್ಟುಗೂಡಿಸಿ ನೋಡಿತು. ಲಾಭದ ಪುರಾವೆ ಸಿಗಲಿಲ್ಲ.

ನಮ್ಮ ಊರುಗಳಲ್ಲಿ ಈಗ ಸೆಕ್ರೆಟಿನ್ ಜಾಗದಲ್ಲಿ ಸ್ಟೆಮ್ ಸೆಲ್ ಬಂದು ಕೂತಿದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಮೊದಲು 25 ಮಕ್ಕಳಿಗೆ ಅವರದೇ ಹೊಕ್ಕುಳಬಳ್ಳಿಯ ರಕ್ತ ಕೊಟ್ಟು ನೋಡಿದರು. ಹೋಲಿಸಲು ಬೇರೆ ಗುಂಪಿರಲಿಲ್ಲ. ಮಕ್ಕಳು ಸುಧಾರಿಸಿದರು ಎಂಬ ವರದಿ 2017ರಲ್ಲಿ ಬಂತು. ಅದೇ ತಂಡ 180 ಮಕ್ಕಳನ್ನಿಟ್ಟುಕೊಂಡು, ಈ ಸಲ ಹುಸಿಮದ್ದಿನ (ಪ್ಲಾಸಿಬೊ) ಗುಂಪನ್ನೂ ಸೇರಿಸಿ ಮಾಡಿದ ಪ್ರಯೋಗದ ಫಲಿತಾಂಶ 2020ರಲ್ಲಿ ಹೊರಬಿತ್ತು. ತಾವು ಮುಖ್ಯವೆಂದು ಮೊದಲೇ ಗೊತ್ತುಮಾಡಿಕೊಂಡಿದ್ದ ಸಾಮಾಜಿಕ ಸಂವಹನದ ಅಳತೆಯಲ್ಲಿ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ತಮ್ಮದೇ ಆಸೆಗೆ ತಾವೇ ಪರೀಕ್ಷೆ ಒಡ್ಡಿಕೊಂಡು ಬಂದದ್ದನ್ನು ಪ್ರಕಟಿಸಿದ ಆ ತಂಡದ ಬಗ್ಗೆ ನನಗೆ ಗೌರವವಿದೆ. ಲಕ್ಷಗಟ್ಟಲೆ ರೂಪಾಯಿ ಪಡೆದು, ಆ ಮೊದಲ ವರದಿಯನ್ನಷ್ಟೇ ಮುಂದಿಟ್ಟು ಎರಡನೆಯದರ ಸೊಲ್ಲೆತ್ತದವರ ಬಗ್ಗೆ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ಆಟಿಸಂಗೆ ಸ್ಟೆಮ್ ಸೆಲ್ ಅನ್ನು ಅನುಮತಿ ಪಡೆದ ಪ್ರಯೋಗದೊಳಗೆ ಮಾತ್ರ ಕೊಡಬಹುದು. 2022ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ನೈತಿಕ ಮಂಡಳಿಯೂ ಆಟಿಸಂಗೆ ಈ ಚಿಕಿತ್ಸೆಯನ್ನು ಶಿಫಾರಸು ಮಾಡುವುದಿಲ್ಲ, ಅದರ ಪ್ರಚಾರ ವೃತ್ತಿ ದುರ್ನಡತೆ ಎಂದು ಹೇಳಿತು. 'ಇದು ಟ್ರಯಲ್' ಎಂದು ಯಾರಾದರೂ ಹೇಳಿದರೆ ದೇಶದ ಕ್ಲಿನಿಕಲ್ ಟ್ರಯಲ್‌ಗಳ ದಾಖಲೆ ಪಟ್ಟಿಯಾದ ಸಿಟಿಆರ್‌ಐನ ನೋಂದಣಿ ಸಂಖ್ಯೆ ಕೇಳಿ. ಅದನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಟ್ರಯಲ್ ಎಂದೂ ಹೇಳಿ ದುಡ್ಡನ್ನೂ ಕೇಳಿದರೆ ಅಲ್ಲಿಂದ ಎದ್ದು ಬರುವುದೇ ಸರಿ.

ಲಸಿಕೆಯಿಂದ ಆಟಿಸಂ ಬರುತ್ತದೆ ಎಂಬ ಗುಲ್ಲಿಗೆ ಹೆಚ್ಚು ಜಾಗ ಬೇಡ. ಅದನ್ನು ಹಬ್ಬಿಸಿದ ಬ್ರಿಟಿಷ್ ವೈದ್ಯ ವೇಕ್‌ಫೀಲ್ಡ್ 1998ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬರೆದದ್ದು 12 ಮಕ್ಕಳ ಬಗ್ಗೆ, ಹೋಲಿಕೆಯ ಗುಂಪಿಲ್ಲದೆ. 2010ರಲ್ಲಿ ಪತ್ರಿಕೆ ಅದನ್ನು ಹಿಂತೆಗೆದುಕೊಂಡಿತು. ಡೆನ್ಮಾರ್ಕ್‌ನವರು 6,57,461 ಮಕ್ಕಳಲ್ಲಿ ಎಂಎಂಆರ್ ಲಸಿಕೆ ಹಾಕಿಸಿಕೊಂಡವರನ್ನೂ ಹಾಕಿಸಿಕೊಳ್ಳದವರನ್ನೂ ಹೋಲಿಸಿ, ಲಸಿಕೆಯಿಂದ ಆಟಿಸಂ ಹೆಚ್ಚುವುದಿಲ್ಲ ಎಂದು 2019ರಲ್ಲಿ ತೋರಿಸಿದರು.

ಇಷ್ಟು ಹೇಳಿ ನಿಲ್ಲಿಸಿದರೆ ಅನ್ಯಾಯವಾಗುತ್ತದೆ. ಅದೇ ಪ್ರಶ್ನೆಯನ್ನು ಮರ್ಯಾದಸ್ಥ ಥೆರಪಿಗಳಿಗೂ ಕೇಳಬೇಕು. ವಾರಕ್ಕೆ 40 ಗಂಟೆ ಎಂಬ ಲೆಕ್ಕ ಬಂದದ್ದು ಅಮೆರಿಕದ ಮನಶ್ಶಾಸ್ತ್ರಜ್ಞ ಲೋವಾಸ್ 1987ರಲ್ಲಿ ಪ್ರಕಟಿಸಿದ, ನಡವಳಿಕೆ ತರಬೇತಿಯ (ಎಬಿಎ) ಅಧ್ಯಯನದಿಂದ. ತೀವ್ರ ತರಬೇತಿ ಪಡೆದ 19 ಮಕ್ಕಳಲ್ಲಿ 9 ಮಂದಿ ಸಾಮಾನ್ಯ ತರಗತಿಗೆ ಸೇರಿದರು ಎಂಬುದು ಅದರ ಹೆಗ್ಗಳಿಕೆ. ಮಕ್ಕಳನ್ನು ಗುಂಪುಗಳಿಗೆ ಹಂಚಿದ್ದು ಚೀಟಿ ಎತ್ತಿ ಅಲ್ಲ. ತೊಡೆಗೆ ಹೊಡೆಯುವುದೂ ಅಲ್ಲಿ ತರಬೇತಿಯ ಭಾಗವಾಗಿತ್ತು. ಅಲ್ಲಿಂದ ಈಚೆಗೆ ನಡೆದ ಅಧ್ಯಯನಗಳನ್ನು ಸ್ಯಾಂಡ್‌ಬ್ಯಾಂಕ್ ಮತ್ತು ಸಂಗಡಿಗರು 'ಪ್ರಾಜೆಕ್ಟ್ ಏಮ್' ಹೆಸರಿನಲ್ಲಿ ಒಟ್ಟುಮಾಡಿ ಅಳೆದಿದ್ದಾರೆ. ಈ ಕ್ಷೇತ್ರದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ನೆಚ್ಚುವ ಕೆಲಸ ಅದು. 2020ರ ಮೊದಲ ವರದಿಯಲ್ಲಿ ಚೀಟಿ ಎತ್ತಿ ಹಂಚಿದ, ಅಳೆಯುವವರಿಗೆ ಗುಟ್ಟು ಗೊತ್ತಿಲ್ಲದ ಅಧ್ಯಯನಗಳನ್ನಷ್ಟೇ ಉಳಿಸಿಕೊಂಡಾಗ, ಯಾವ ಬಗೆಯ ಥೆರಪಿಗೂ ಖಚಿತ ಪರಿಣಾಮ ಉಳಿಯಲಿಲ್ಲ. 2023ರಲ್ಲಿ 252 ಅಧ್ಯಯನಗಳನ್ನು, 13,304 ಮಕ್ಕಳನ್ನು ಸೇರಿಸಿಕೊಂಡಾಗ ಚಿತ್ರ ಸ್ವಲ್ಪ ಹಸನಾಯಿತು. ಆಟದ ನಡುವೆಯೇ ಕಲಿಸುವ, ಮಗುವಿನ ಬೆಳವಣಿಗೆಯ ಹೆಜ್ಜೆ ಹಿಡಿದು ಹೋಗುವ ವಿಧಾನಗಳಿಂದ ಸಂವಹನಕ್ಕೆ ಲಾಭವಿದೆ ಎನ್ನಲು ಆಧಾರ ಸಿಕ್ಕಿತು. ಥೆರಪಿಯಿಂದ ಮಗುವಿಗೆ ಹಾನಿಯಾಯಿತೇ ಎಂದು ಹೆಚ್ಚಿನ ಅಧ್ಯಯನಗಳು ಸರಿಯಾಗಿ ನೋಡಿಯೇ ಇಲ್ಲ ಎಂಬುದೂ ಅದರಲ್ಲೇ ಬಯಲಾಯಿತು.

ಇದೇ ಬಳಗದ 2024ರ ಇನ್ನೊಂದು ಲೆಕ್ಕ ನಮ್ಮ ಮನೆಗಳ ಖರ್ಚಿಗೆ ನೇರ ಸಂಬಂಧಿಸಿದ್ದು. 144 ಅಧ್ಯಯನಗಳ 9,038 ಮಕ್ಕಳಲ್ಲಿ ಥೆರಪಿಯ ಗಂಟೆ ಹೆಚ್ಚಿದಂತೆ ಫಲ ಹೆಚ್ಚಿತು ಎನ್ನಲು ಆಧಾರ ಕಾಣಲಿಲ್ಲ. ಕೆಲಸ ಬಿಟ್ಟು, ಊರು ಬಿಟ್ಟು, ಸಾಲ ಮಾಡಿ ಗಂಟೆ ಕೂಡಿಸುತ್ತಿರುವ ಎಷ್ಟೋ ತಾಯಂದಿರಿದ್ದಾರೆ. ಗಂಟೆ ಕಡಿಮೆಯಾಯಿತು ಎಂದು ಅವರ ಮೇಲೆ ಹೊರಿಸುವ ಅಪರಾಧಿ ಭಾವಕ್ಕೆ ವಿಜ್ಞಾನದ ಬೆಂಬಲವಿಲ್ಲ. ಇದನ್ನು ಅವರಿಗೆ ಯಾರಾದರೂ ಹೇಳಲೇಬೇಕು.

ಹಾಗಾದರೆ ನಂಬಬಹುದಾದದ್ದು ನೋಡಲು ಹೇಗಿರುತ್ತದೆ? ಗೋವಾ ಮತ್ತು ರಾವಲ್ಪಿಂಡಿಯಲ್ಲಿ ನಡೆದ 'ಪಾಸ್' ಪ್ರಯೋಗ ನನಗೆ ಇಷ್ಟವಾದ ಉದಾಹರಣೆ. ಸ್ಥಳೀಯ ಕಾರ್ಯಕರ್ತೆ ಮನೆಗೆ ಬರುತ್ತಾಳೆ. ತಜ್ಞೆಯಲ್ಲ, ತರಬೇತಿ ಪಡೆದವಳು ಅಷ್ಟೇ. ತಾಯಿ ಮಗು ಆಡುವುದನ್ನು ವಿಡಿಯೊ ಮಾಡಿ, ತಾಯಿಯ ಜೊತೆ ಕೂತು ಅದನ್ನೇ ನೋಡುತ್ತಾಳೆ. ಮಗು ಚಕ್ರ ತಿರುಗಿಸುತ್ತಾ ಒಂದು ಕ್ಷಣ ತಲೆಯೆತ್ತಿದ ಕಡೆ ವಿಡಿಯೊ ನಿಲ್ಲುತ್ತದೆ. ಮಗು ಕೊಟ್ಟ ಆ ಸುಳಿವು ತಾಯಿಗೆ ಆಗ ಕಾಣಿಸುತ್ತದೆ. 'ಇದೇನು? ಬಣ್ಣ ಹೇಳು' ಎಂದು ಪ್ರಶ್ನೆ ಸುರಿಸುವ ಬದಲು ಮಗು ನೋಡುತ್ತಿರುವುದನ್ನೇ ತಾನೂ ನೋಡಿ, ಅದರ ಬಗ್ಗೆಯೇ ಒಂದು ಮಾತಾಡಲು ಕಲಿಯುತ್ತಾಳೆ. 65 ಮಕ್ಕಳ ಈ ಪ್ರಯೋಗದ ವರದಿ 2016ರಲ್ಲಿ 'ಲ್ಯಾನ್ಸೆಟ್ ಸೈಕಿಯಾಟ್ರಿ'ಯಲ್ಲಿ ಬಂತು. ಮಾಮೂಲಿ ಆರೈಕೆಯ ಗುಂಪಿಗೆ ಹೋಲಿಸಿದರೆ ತಾಯ್ತಂದೆಯರು ಮಗುವಿಗೆ ಸ್ಪಂದಿಸುವುದು ಹೆಚ್ಚಿತ್ತು, ಮಗು ತಾನಾಗಿ ಸಂವಹನಕ್ಕೆ ಮುಂದಾಗುವುದೂ ಹೆಚ್ಚಿತ್ತು. ಇಬ್ಬರೂ ಕೂಡಿ ಒಂದೇ ವಸ್ತುವಿನತ್ತ ಗಮನವಿಡುವ ಅಳತೆಯಲ್ಲಿ ಮಾತ್ರ ಫಲಿತಾಂಶ ತಿರುಗುಮುರುಗಾಗಿತ್ತು, ಅದನ್ನೂ ಅವರು ಮುಚ್ಚಿಡದೆ ಬರೆದಿದ್ದಾರೆ. ಪ್ರಯೋಗ ಚಿಕ್ಕದು. ಗುಣವಾಗುತ್ತದೆ ಎಂದು ಎಲ್ಲೂ ಹೇಳಿಲ್ಲ. ಅಂಥ ವರದಿಯನ್ನು ನಂಬಲು ನನಗೆ ಹಿಂಜರಿಕೆಯಿಲ್ಲ.

ಒಂದೇ ಕಡೆ ಎಲ್ಲ ಬೇಕೆನ್ನುವವರಿಗೆ ಬ್ರಿಟನ್ನಿನ ನೈಸ್ ಸಂಸ್ಥೆಯ 2013ರ ಮಾರ್ಗಸೂಚಿ ಒಳ್ಳೆಯ ಆರಂಭ. ಸೆಕ್ರೆಟಿನ್, ಕೀಲೇಶನ್ (ದೇಹದಿಂದ ಲೋಹ ತೆಗೆಯುವ ಚಿಕಿತ್ಸೆ), ಹೈಪರ್‌ಬ್ಯಾರಿಕ್ ಆಕ್ಸಿಜನ್ ಕೊಡಬೇಡಿ, ಆಟಿಸಂನ ಮೂಲ ಲಕ್ಷಣಗಳಿಗೆಂದು ಗೋಧಿಯ ಗ್ಲೂಟೆನ್, ಹಾಲಿನ ಕೇಸೀನ್ ಬಿಡಿಸಬೇಡಿ ಎಂದು ಅದು ಖಡಾಖಂಡಿತವಾಗಿ ಹೇಳುತ್ತದೆ. ಆ ನಿಷ್ಠುರತೆ ನಮಗೂ ಬೇಕು. ಆದರೆ ಮಕ್ಕಳ ವೈದ್ಯರು, ಸ್ಪೀಚ್ ಥೆರಪಿಸ್ಟ್, ಮನಶ್ಶಾಸ್ತ್ರಜ್ಞರು ಒಂದೇ ತಂಡವಾಗಿ ಕೈಗೆಟಕುತ್ತಾರೆಂದು ಅದು ನಂಬಿಕೊಂಡಿದೆ. ಜಿಲ್ಲಾಸ್ಪತ್ರೆಯ ಆರಂಭಿಕ ಮಧ್ಯಸ್ಥಿಕೆ ಕೇಂದ್ರವನ್ನೇ ನೆಚ್ಚಿಕೊಂಡಿರುವ ಕೊಪ್ಪಳದ ಕುಟುಂಬಕ್ಕೆ ಆ ಭಾಗ ಅಷ್ಟಾಗಿ ಉಪಯೋಗಕ್ಕೆ ಬಾರದು. ಸರ್ಕಾರಿ ಮೂಲ ಎಂದರೆ ನಿಶ್ಚಿಂತೆ ಎಂಬ ಹಳೆಯ ಸಲಹೆಯೂ ಈಗ ಸಾಲದು. ಲಸಿಕೆಗಳಿಂದ ಆಟಿಸಂ ಬರುವುದಿಲ್ಲ ಎಂಬುದು ಪುರಾವೆ ಆಧಾರಿತ ಹೇಳಿಕೆಯಲ್ಲ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2025ರ ನವೆಂಬರ್‌ನಲ್ಲಿ ತನ್ನ ಪುಟವನ್ನು ತಿದ್ದಿ ಬರೆಯಿತು. ಡೆನ್ಮಾರ್ಕಿನ ಆರೂವರೆ ಲಕ್ಷ ಮಕ್ಕಳ ಲೆಕ್ಕ ಅದರಿಂದ ಬದಲಾಗಲಿಲ್ಲ.

ಏನನ್ನು ಅಳೆಯುತ್ತೇವೆ ಎಂಬುದೂ ಇಷ್ಟೇ ಮುಖ್ಯ. ಕೈ ಬಡಿಯುವುದು ಕಡಿಮೆಯಾಯಿತು, ಉಳಿದ ಮಕ್ಕಳ ಹಾಗೆ ಕಾಣುತ್ತಾನೆ ಎಂಬುದನ್ನು ಗೆಲುವೆಂದು ಎಣಿಸಿದ್ದಕ್ಕೆ ಆಟಿಸಂ ಇರುವ ವಯಸ್ಕರೇ ಈಗ ಆಕ್ಷೇಪ ಎತ್ತುತ್ತಿದ್ದಾರೆ, ಅವರು ಹೇಳುವುದು ಸರಿ. ಮನೆಗಳಲ್ಲಿ ಕೇಳುವ ಪ್ರಶ್ನೆಗಳೇ ಬೇರೆ: ರಾತ್ರಿ ಮಲಗುತ್ತಾನೆಯೇ, ಶೌಚಕ್ಕೆ ಹೋಗಬೇಕೆಂದು ಹೇಳುತ್ತಾಳೆಯೇ, ನೋವಾದರೆ ತೋರಿಸಬಲ್ಲನೇ? ಇಂಥ ಪ್ರಶ್ನೆಗೆ ನೇರ ಉತ್ತರ ಸಿಕ್ಕ ಉದಾಹರಣೆಯೂ ಇದೆ. ನಿಧಾನವಾಗಿ ಬಿಡುಗಡೆಯಾಗುವ ಮೆಲಟೋನಿನ್ ಗುಳಿಗೆಯ 2017ರ ಪ್ರಯೋಗದಲ್ಲಿ, ನಿದ್ದೆಯ ಅಭ್ಯಾಸ ತಿದ್ದಿಯೂ ಫಲ ಸಿಗದ 125 ಮಕ್ಕಳಿದ್ದರು. 13 ವಾರಗಳ ಕೊನೆಗೆ ಔಷಧ ಪಡೆದವರ ನಿದ್ದೆ ಮೊದಲಿಗಿಂತ ಸುಮಾರು 57 ನಿಮಿಷ ಹೆಚ್ಚಿತ್ತು, ಪ್ಲಾಸಿಬೊ ಪಡೆದವರದು 9 ನಿಮಿಷ. ಖರ್ಚು ಹಾಕಿದ್ದು ಔಷಧ ಕಂಪನಿಯೇ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆದರೂ ಎರಡು ಸಂಖ್ಯೆಗಳು ಅಕ್ಕಪಕ್ಕ ಇವೆ, ವೈದ್ಯರ ಮುಂದಿಟ್ಟು ಮಾತಾಡಬಹುದು. ನಿಮ್ಹಾನ್ಸ್ ಮತ್ತು ಮೈಸೂರಿನ ವಾಕ್ ಶ್ರವಣ ಸಂಸ್ಥೆ ಪ್ರತಿ ಚಿಕಿತ್ಸೆಗೂ ಹೀಗೆ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಬರೆದ ಒಂದೊಂದು ಹಾಳೆಯನ್ನು ಕನ್ನಡದಲ್ಲಿ ಹೊರತಂದು, ಪ್ರತಿ ಜಿಲ್ಲಾಸ್ಪತ್ರೆಗೆ, ಪ್ರತಿ ಅಂಗನವಾಡಿಗೆ ಕಳಿಸಬೇಕು.