ಅಂಕಿತವಿಲ್ಲದ ವಚನ



ಕಳೆದ ಶ್ರಾವಣ ಮಾಸದಲ್ಲಿ ಮಠದ ಹಳೆಯ ವಿದ್ಯಾರ್ಥಿಯೊಬ್ಬನು ದರ್ಶನಕ್ಕೆ ಬಂದಿದ್ದನು. ಒಳ್ಳೆಯ ಕಂಠ, ಹಾರ್ಮೋನಿಯಮ್ಮಿನ ಮೇಲೆ ಕೈ ಚೆನ್ನಾಗಿ ಓಡುತ್ತದೆ. ತಾನು ಹಾಡಿದ ವಚನಗಳನ್ನು ಯೂಟ್ಯೂಬಿನಲ್ಲಿ ಪ್ರಕಟಿಸುತ್ತಿರುವುದಾಗಿ ಹೇಳಿ ಮೊಬೈಲನ್ನು ನಮ್ಮ ಮುಂದೆ ಹಿಡಿದನು. ಬಸವಣ್ಣನವರ ವಚನ. ನಡುವಿನ ಒಂದು ಮಾತನ್ನು ಎತ್ತಿಕೊಂಡು ತಾರಸ್ಥಾಯಿಯಲ್ಲಿಯೇ ಆರಂಭಿಸಿದ್ದನು. 40 ಸೆಕೆಂಡುಗಳಲ್ಲಿ ಮುಗಿಯಿತು. ಮುಗಿಯಿತು ಎನ್ನುವುದಕ್ಕಿಂತ ನಿಂತಿತು ಎನ್ನಬೇಕು. "ಕೂಡಲಸಂಗಮದೇವ ಎಲ್ಲಿ?" ಎಂದು ಕೇಳಿದೆವು. "ಬುದ್ಧಿ, ಅಲ್ಲಿಯವರೆಗೆ ಯಾರೂ ಕೇಳುವುದಿಲ್ಲ" ಎಂದನು.

ಆ ಉತ್ತರದಲ್ಲಿ ಉದ್ಧಟತನವಿರಲಿಲ್ಲ. ಎಷ್ಟನೆಯ ಸೆಕೆಂಡಿಗೆ ಎಷ್ಟು ಜನ ಎದ್ದು ಹೋದರೆಂಬುದನ್ನು ಆ ಯಂತ್ರವೇ ಗೆರೆ ಎಳೆದು ಅವನಿಗೆ ತೋರಿಸುತ್ತದೆ. ಗೆರೆಯನ್ನು ನಾವೂ ನೋಡಿದೆವು. ಇಳಿಜಾರಿನಲ್ಲಿ ಬಿಟ್ಟ ಗಾಲಿಯಂತೆ ಅದು ಕೆಳಗೆ ಸಾಗಿತ್ತು. ಹಾಡುವವನು ಆ ಗೆರೆಯನ್ನು ದಿನವೂ ನೋಡುತ್ತಿದ್ದರೆ ಕ್ರಮೇಣ ಅದಕ್ಕಾಗಿಯೇ ಹಾಡತೊಡಗುತ್ತಾನೆ. ಈ ತಿಂಗಳು ವಾಚಕರ ಮುಂದೆ ನಾವು ವಿಚಾರಕ್ಕಿಡುವ ಸಂಗತಿ ಇದೇ.

ವಚನದಲ್ಲಿ ಅಂಕಿತದ ಸ್ಥಾನವೇನೆಂಬುದು ಮಠದಲ್ಲಿ ಓದಿದವರಿಗೆ ಹೊಸದಾಗಿ ಹೇಳಬೇಕಾದುದಲ್ಲ. ಅದು ಕರ್ತೃವಿನ ಗುರುತೂ ಹೌದು, ವಚನದ ಅರ್ಥ ಬಂದು ಸೇರುವ ನೆಲೆಯೂ ಹೌದು. ಮೊದಲ ಸಾಲುಗಳಲ್ಲಿ ಲೋಕವನ್ನು ಕುರಿತ ನೀತಿಯಂತೆ ಕೇಳಿಸಿದ ಮಾತು ಅಂಕಿತ ಬಂದೊಡನೆ ಇಷ್ಟದೈವದೊಡನೆ ಆಡಿದ ಮಾತಾಗಿ ಮಾರ್ಪಡುತ್ತದೆ. ಅಂಕಿತವನ್ನು ತೆಗೆದರೆ ಉಳಿಯುವುದು ಸುಭಾಷಿತ. ಅಲ್ಲದೆ ಶರಣೆ ಸೂಳೆ ಸಂಕವ್ವೆಯನ್ನು ನೆನೆಯಿರಿ. ಆಕೆಯದೆಂದು ನಮಗೆ ದಕ್ಕಿರುವುದು ಒಂದೇ ಒಂದು ವಚನ. ನಿರ್ಲಜ್ಜೇಶ್ವರನೆಂಬ ಅಂಕಿತವನ್ನು ಕತ್ತರಿಸಿದರೆ ಆ ತಾಯಿ ಲೋಕದಲ್ಲಿ ಇದ್ದಳೆಂಬುದಕ್ಕೆ ಕುರುಹೇ ಉಳಿಯದು. ಹೆಸರೂ ತಿಳಿಯದೆ ಅಂಕಿತಮಾತ್ರದಿಂದ ಗುರುತಿಸಲ್ಪಡುವ ವಚನಕಾರರೂ ಉಂಟು. ಫ. ಗು. ಹಳಕಟ್ಟಿಯವರು 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದು, ಮುಂದೆ ಮನೆಯನ್ನು ಮಾರಿ ಮುದ್ರಣಾಲಯ ಹಾಕಿದರು. ಅವರ ತರುವಾಯ 1993ರ 15 ಸಂಪುಟಗಳವರೆಗೆ ದುಡಿದ ವಿದ್ವಾಂಸರಿಗೆಲ್ಲ ತಾಳೆಗರಿಯ ರಾಶಿಯಲ್ಲಿ ದಾರಿ ತೋರಿದುದು ಬಹುಮಟ್ಟಿಗೆ ಈ ಅಂಕಿತವೇ.

ಹಾಗಾದರೆ ಯಂತ್ರವೇ ಅಂಕಿತಕ್ಕೆ ವೈರಿಯೆ? ಹಾಗೆ ಹೇಳಲು ಚರಿತ್ರೆ ಒಪ್ಪುವುದಿಲ್ಲ. 1902ರ ನವೆಂಬರಿನಲ್ಲಿ ಕಲ್ಕತ್ತೆಗೆ ಬಂದ ಗ್ರಾಮಫೋನ್ ಕಂಪನಿಯವರು ಗೌಹರ್ ಜಾನರ ಗಾಯನವನ್ನು ಮುದ್ರಿಸಿಕೊಂಡರು. ಮುದ್ರಿಕೆಗಳು ತಯಾರಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಇದು ಯಾರ ಹಾಡೆಂದು ತಿಳಿಯಬೇಕಾದ ಕಾರಣ, ಹಾಡಿನ ಕೊನೆಯಲ್ಲಿ ಆಕೆ ತನ್ನ ಹೆಸರನ್ನು ಇಂಗ್ಲೀಷಿನಲ್ಲಿ ಘೋಷಿಸುತ್ತಿದ್ದಳು. ಆ ತಟ್ಟೆಯ ಒಂದು ಮುಗ್ಗುಲಿಗೆ ಹಿಡಿಯುತ್ತಿದ್ದುದು ಸುಮಾರು 3 ನಿಮಿಷ. ಆಲಾಪ ಕುಗ್ಗಿತು, ವಿಸ್ತಾರ ಹೋಯಿತು. ಆದರೆ ಆ 3 ನಿಮಿಷದೊಳಗೂ ಹೆಸರಿಗೆ ಸ್ಥಳ ದೊರೆಯಿತು, ಅದೂ ಅಂಕಿತ ಇರತಕ್ಕ ಕೊನೆಯಲ್ಲಿಯೇ.

1950ರಲ್ಲಿ ಧಾರವಾಡದಲ್ಲಿ ಆಕಾಶವಾಣಿ ಆರಂಭವಾಯಿತು. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಇವರ ಕಂಠದಿಂದ ವಚನವು ಹೊಲಮನೆಗಳನ್ನು ತಲಪಿದ ಕಾಲವನ್ನು ನಮ್ಮ ಹಿರಿಯ ವಾಚಕರು ಮರೆತಿರಲಾರರು. ಹಾಡಿನ ಮುನ್ನ ರಚನೆ ಯಾರದು, ಗಾಯನ ಯಾರದೆಂದು ಉದ್ಘೋಷಕರು ಹೇಳುವ ಪದ್ಧತಿಯಿತ್ತು. ಎಂಬತ್ತರ ದಶಕದಲ್ಲಿ ಕ್ಯಾಸೆಟ್ಟು ಬಂದಿತು. ಜಾತ್ರೆಯ ಅಂಗಡಿಯಲ್ಲಿ ಅದನ್ನು ಕೊಂಡವರು ಒಳಗಿನ ಚೀಟಿಯನ್ನು ಬಿಡಿಸಿ ಓದುತ್ತಿದ್ದುದನ್ನು ನಾವೇ ಕಂಡಿದ್ದೇವೆ.

ಈಗಿನ ಸ್ಥಿತಿಗೆ ಬರೋಣ. 2020ರ ಜೂನ್ ತಿಂಗಳ ಕೊನೆಯಲ್ಲಿ ನಮ್ಮ ದೇಶದಲ್ಲಿ ಟಿಕ್‌ಟಾಕ್ ನಿಷೇಧವಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಸಂಸ್ಥೆಯು 'ಶಾರ್ಟ್ಸ್' ಎಂಬ ಕಿರುಚಿತ್ರದ ಅಂಗಡಿಯನ್ನು ಮೊದಲು ತೆರೆದುದು ಭಾರತದಲ್ಲಿಯೇ. ಆಗ ಅವಧಿ 15 ಸೆಕೆಂಡು. ಬಳಿಕ 1 ನಿಮಿಷವಾಯಿತು. 2024ರ ಅಕ್ಟೋಬರಿನಿಂದ 3 ನಿಮಿಷಕ್ಕೆ ಏರಿದೆ. ಅಂದರೆ ಗೌಹರ್ ಜಾನರ ತಟ್ಟೆಯಷ್ಟೇ ಅವಕಾಶ ಇಂದು ನಮ್ಮ ಹುಡುಗನಿಗೂ ಇದೆ! ಆದರೂ ಅಂಕಿತ ಹಿಂದಿರುಗಲಿಲ್ಲ. ಏಕೆ?

ನಮಗೆ ತೋರುವ ಕಾರಣವಿಷ್ಟು. ತಟ್ಟೆಯನ್ನು ಕೊಂಡವನು ಕೇಳುವ ಮೊದಲೇ ಹಣ ಕೊಟ್ಟಿರುತ್ತಿದ್ದನು. ಕೊಟ್ಟ ಮೇಲೆ ಕೊನೆಯವರೆಗೆ ಕೇಳುವುದು ಅವನ ಲಾಭ. ಎದ್ದು ಹೋದರೆ ನಷ್ಟ ಅವನದು. ಈಗ ಕೇಳುವವನು ಹಣ ಕೊಡುವುದಿಲ್ಲ. ಕ್ಷಣ ಕ್ಷಣವನ್ನು ಕೊಡುತ್ತಾನೆ. ಆ ಕ್ಷಣಗಳನ್ನು ಸಂಸ್ಥೆಯು ಜಾಹೀರಾತುದಾರನಿಗೆ ಮಾರಿ, ಬಂದುದರಲ್ಲಿ ಹಾಡಿದವನಿಗೆ ಪಾಲು ಹಂಚುತ್ತದೆ. ದೀರ್ಘ ಚಿತ್ರಕ್ಕೆ ನೂರಕ್ಕೆ 55, ಕಿರುಚಿತ್ರಕ್ಕೆ ನೂರಕ್ಕೆ 45 ಎಂಬುದು ಅವರ ಲೆಕ್ಕ. ಸ್ಪಾಟಿಫೈ ಎಂಬ ಇನ್ನೊಂದು ಸಂಸ್ಥೆಯಲ್ಲಿ 30 ಸೆಕೆಂಡು ಕೇಳಿದರೆ ಒಂದು ಕೇಳಿಕೆ ಎಂದು ಎಣಿಕೆ. 31ನೆಯ ಸೆಕೆಂಡಿನಿಂದ ಮುಂದಿನದಕ್ಕೆ ಬೇರೆ ಬೆಲೆಯಿಲ್ಲ. ಹಿಂದಿನ 12 ತಿಂಗಳಲ್ಲಿ 1000 ಕೇಳಿಕೆ ಮುಟ್ಟದ ಹಾಡಿಗೆ 2024ರಿಂದ ಅಲ್ಲಿ ಸಂಭಾವನೆಯೇ ಇಲ್ಲ. ಇಂಥ ಅಳತೆಗೋಲನ್ನು ಕೈಗೆ ಕೊಟ್ಟ ಮೇಲೆ ಗಾಯಕನು ಅತ್ಯಂತ ಆಕರ್ಷಕವಾದುದನ್ನು ಮೊದಲಿಗೆ ತರುವನು, ಕೊನೆಯನ್ನು ಕೈಬಿಡುವನು. ಸಿನಿಮಾ ಹಾಡಿಗೆ ಇದರಿಂದ ಹೆಚ್ಚು ಹಾನಿಯಾಗದಿರಬಹುದು. ಕೊನೆಯಲ್ಲಿಯೇ ಜೀವವಿರುವ ವಚನಕ್ಕೆ ಆಗುತ್ತದೆ.

ಇದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಆಕಾಶವಾಣಿಯಲ್ಲಿ ಹಾಡಬೇಕಾದರೆ ಧ್ವನಿಪರೀಕ್ಷೆಯ ಬಾಗಿಲನ್ನು ದಾಟಬೇಕಿತ್ತು. ಕ್ಯಾಸೆಟ್ಟಿಗೆ ಕಂಪನಿಯ ಕೃಪೆ ಬೇಕಿತ್ತು. ಅಕ್ಕನ ಬಳಗದ ತಾಯಂದಿರು ಇಂದು ಯಾರ ಅಪ್ಪಣೆಯನ್ನೂ ಕೇಳದೆ ಹಾಡಿ ಕಳಿಸುತ್ತಾರೆ, ಸಮುದ್ರದಾಚೆಯ ಮಕ್ಕಳು ಕೇಳುತ್ತಾರೆ. ಈ ಬಾಗಿಲು ತೆರೆದುದಕ್ಕೆ ನಾವು ಕೃತಜ್ಞರಾಗಿರಬೇಕು. ಯಂತ್ರವನ್ನು ಹಳಿಯುವ ಮಠಾಧೀಶರ ಸಾಲಿಗೆ ನಮ್ಮನ್ನು ಸೇರಿಸದಿರಲು ವಾಚಕರಲ್ಲಿ ಪ್ರಾರ್ಥನೆ. ಈ ಲೇಖನದ ಕೆಲವು ಸಂಗತಿಗಳನ್ನು ನಾವು ಖಚಿತಪಡಿಸಿಕೊಂಡುದೂ ಅದೇ ಮೊಬೈಲಿನಲ್ಲಿ.

ಅದೇ ಹುಡುಗನು ಹೇಳಿದ ಇನ್ನೊಂದು ಸಂಗತಿ ಕುತೂಹಲಕರವಾಗಿದೆ. ಹಿಂದೆ ಅವನು ಪೂರ್ಣವಾಗಿ ಹಾಡಿದ್ದ ವಚನವೊಂದಕ್ಕೆ, ರಾಗಸಂಯೋಜನೆ ತಮ್ಮದೆಂದು ಕಂಪನಿಯೊಂದರಿಂದ ತಕರಾರು ಬಂದಿತಂತೆ. ಬರತಕ್ಕ ಅಲ್ಪ ಹಣವೂ ಅತ್ತ ಹೋಯಿತಂತೆ. ತಕರಾರು ಪೂರ್ತಿ ಸುಳ್ಳೆನ್ನಲಾಗದು. ಹನ್ನೆರಡನೆಯ ಶತಮಾನದ ವಚನಕ್ಕೆ ಹಕ್ಕುದಾರರಿಲ್ಲ, ಅದು ಸರ್ವರ ಸೊತ್ತು. ಆದರೆ 1957ರ ಕಾನೂನಿನ ಮೇರೆಗೆ ಸ್ವರಸಂಯೋಜನೆಗೆ ಹಕ್ಕುಂಟು, ಧ್ವನಿಮುದ್ರಣಕ್ಕೆ ಹಕ್ಕುಂಟು. 1994ರ ತಿದ್ದುಪಡಿಯಿಂದ ಹಾಡುಗಾರನಿಗೂ ಉಂಟು. ಸಂಯೋಜಕನ ಗೌರವಧನವನ್ನು 2012ರ ತಿದ್ದುಪಡಿ ಭದ್ರಪಡಿಸಿದೆ. ಇವೆಲ್ಲ ನ್ಯಾಯವೇ. ಆದರೆ ಚೋದ್ಯವನ್ನು ನೋಡಿರಿ: ಧ್ವನಿಯ ಒಡೆಯನು ಯಾವ ಕಂಪನಿ ಎಂಬುದನ್ನು ಆ ಯಂತ್ರ ಕ್ಷಣದಲ್ಲಿ ಕಂಡುಹಿಡಿಯುತ್ತದೆ, ವಚನ ಯಾರದೆಂಬುದನ್ನು ಕೇಳುವುದೇ ಇಲ್ಲ. ಯಂತ್ರಕ್ಕೆ ತನ್ನದೇ ಆದ ಅಂಕಿತವೊಂದಿದೆ. ಅದರಲ್ಲಿ ಕೂಡಲಸಂಗಮದೇವನಿಗೆ ಕೋಣೆಯಿಲ್ಲ.

ಇದಕ್ಕಿಂತ ಕಳವಳದ ಮಾತು ಬೇರೆ ಇದೆ. ಕೃತಕ ಬುದ್ಧಿಮತ್ತೆ ಎಂಬ ಯಂತ್ರವಿದ್ಯೆಯಿಂದ ಅಗಲಿದವರ ಕಂಠವನ್ನೂ ಹಾಡಿಸಬಹುದಾಗಿದೆ. 2024ರಲ್ಲಿ 'ಲಾಲ್ ಸಲಾಂ' ಎಂಬ ತಮಿಳು ಚಿತ್ರಕ್ಕೆ ಎ. ಆರ್. ರಹಮಾನರು ತೀರಿಕೊಂಡ ಇಬ್ಬರು ಗಾಯಕರ ಧ್ವನಿಯನ್ನು ಹೀಗೆ ಬಳಸಿದರು. ಕುಟುಂಬದವರ ಒಪ್ಪಿಗೆ ಪಡೆದರು, ಸಂಭಾವನೆಯನ್ನೂ ಕೊಟ್ಟರು. ಅದೇ ವರ್ಷ ಮುಂಬಯಿ ಉಚ್ಚ ನ್ಯಾಯಾಲಯವು ಅರಿಜಿತ್ ಸಿಂಗರ ಧ್ವನಿಯ ಅನುಕರಣೆಗೆ ತಡೆಯಿತ್ತಿತು. ಕಂಠಕ್ಕೆ ಹೀಗೆ ರಕ್ಷಣೆ ಹುಟ್ಟುತ್ತಿದೆ. ಅಂಕಿತಕ್ಕೆ? ಅದೇ ವಿದ್ಯೆಗೆ ಹೇಳಿದರೆ ಬಸವಣ್ಣನವರ ಧಾಟಿಯಲ್ಲಿ ಹತ್ತು ವಚನ ಹೊಸೆದು ಅಡಿಯಲ್ಲಿ ಕೂಡಲಸಂಗಮದೇವನ ಮುದ್ರೆಯನ್ನೊತ್ತಿ ಕೊಡುತ್ತದೆ. ಪ್ರಕ್ಷಿಪ್ತಗಳು ಹಿಂದೆಯೂ ಇದ್ದವು, ನಿಜ. ಅವನ್ನು ಪ್ರತಿಗಳ ಸಾಕ್ಷ್ಯದಿಂದ ಸೋಸಿದರು. ಈ ಹೊಸ ವಚನಗಳಿಗೆ ಪ್ರತಿಯೆಲ್ಲಿ, ಲಿಪಿಕಾರನೆಲ್ಲಿ? ನಿಜವಚನದಿಂದ ಅಂಕಿತ ಕಳಚಿ ಬೀಳುವುದೂ ಹುಸಿವಚನಕ್ಕೆ ಅಂಕಿತ ಅಂಟಿಕೊಳ್ಳುವುದೂ ಒಂದೇ ಕಾಲದಲ್ಲಿ ನಡೆಯುತ್ತಿವೆ.

ಬಸವಣ್ಣನವರ ಅಂಕಿತವನ್ನು ಬದಲಿಸಿದ ಗ್ರಂಥವೊಂದನ್ನು ಸರಕಾರವು 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆದೇಶವನ್ನು ಎತ್ತಿಹಿಡಿಯಿತು. ಆಗ ನಮ್ಮ ಸಮಾಜದಲ್ಲಿ ಎದ್ದ ಕೋಲಾಹಲ ವಾಚಕರಿಗೆ ನೆನಪಿದ್ದೀತು. ಅಂಕಿತ ಬದಲಾದುದಕ್ಕೆ ಬೀದಿಗಿಳಿದವರು ಅಂಕಿತವೇ ಇಲ್ಲದುದನ್ನು ನಿತ್ಯ ಬೆಳಗ್ಗೆ ಒಬ್ಬರಿಗೊಬ್ಬರು ಮೊಬೈಲಿನಲ್ಲಿ ಕಳಿಸುತ್ತೇವೆ. ನಮಗೂ ಬರುತ್ತವೆ, ಪೀಠಕ್ಕೂ ವಾಟ್ಸಾಪ್ ತಪ್ಪಿದ್ದಲ್ಲ.

ಹುಡುಗನಿಗೆ ನಾವು ಹೇಳಿದುದಿಷ್ಟೇ. ಕಿರಿದಾಗಿ ಹಾಡಬೇಕಾದರೆ ಕಿರಿದಾದ ವಚನವನ್ನು ಆರಿಸಿಕೊ. ಪಲ್ಲವಿಯ ಆವರ್ತನೆಯನ್ನು ಕಡಿಮೆ ಮಾಡು. ವಾದ್ಯದ ಪೀಠಿಕೆಯನ್ನು ಬಿಡು. ವಾಚಿಸಿದರೆ ಎಷ್ಟೋ ವಚನಗಳಿಗೆ ಅರ್ಧ ನಿಮಿಷವೂ ಬೇಡ. ಕೇಳಿಕೆ ಇಳಿದರೆ ಏನು ಮಾಡಲೆಂದು ಅವನು ಕೇಳಿದನು. ಅವನಿಗೆ ಎರಡು ಮಕ್ಕಳು. ಹಗಲು ಖಾಸಗಿ ಶಾಲೆಯೊಂದರಲ್ಲಿ ದುಡಿಮೆ. ಥಟ್ಟನೆ ಉತ್ತರ ಹೇಳಲು ನಮಗೆ ಬಾಯಿ ಬರಲಿಲ್ಲ. ಮಠದ ಮಾಸಿಕ ಶಿವಾನುಭವಗೋಷ್ಠಿಯಲ್ಲಿ ಅವನನ್ನು ಹಾಡಿಸಿ ಗೌರವಧನ ಕೊಡುವುದೆಂದು ನಿಶ್ಚಯಿಸಿದ್ದೇವೆ. ಮೊತ್ತ ದೊಡ್ಡದಲ್ಲ.

ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಎಂಬತ್ತರ, ತೊಂಬತ್ತರ ದಶಕದ ವಚನ ಕ್ಯಾಸೆಟ್ಟುಗಳು ನಿಮ್ಮ ಅಟ್ಟದಲ್ಲಿದ್ದರೆ, ಟೇಪು ಅಂಟಿಕೊಂಡು ಹಾಳಾಗುವ ಮೊದಲು ಮಠದ ಕಾರ್ಯಾಲಯಕ್ಕೆ ತಲಪಿಸಿರಿ. ಪ್ರತಿಮಾಡಿಕೊಂಡು ಹಿಂದಿರುಗಿಸಲಾಗುವುದು. ಒಳಗಿನ ಚೀಟಿ ಹರಿದಿದ್ದರೂ ಎಸೆಯಬೇಡಿರಿ. ರಾಗ ಸಂಯೋಜಿಸಿದವರ, ತಬಲಾ ನುಡಿಸಿದವರ ಹೆಸರು ಎಷ್ಟೋ ಸಲ ಆ ಚೀಟಿಯಲ್ಲಲ್ಲದೆ ಬೇರೆಲ್ಲಿಯೂ ಇಲ್ಲ.