ತರ್ಕವಾಕ್ಯವೂ ಸ್ಥಿತಿಯಂತ್ರವೂ

ತರ್ಕದ ಯಾವುದೇ ವಾಕ್ಯ ಸಿದ್ಧವೋ ಅಲ್ಲವೋ ಎಂಬುದನ್ನು ನಿರ್ಣಯಿಸುವ ಸರ್ವಸಾಮಾನ್ಯ ಮಾರ್ಗವಿಲ್ಲವೆಂದು 1936ರಲ್ಲಿ ಚರ್ಚ್ ಮತ್ತು ಟ್ಯೂರಿಂಗರು ತೋರಿಸಿದರು. ಆ ಬಳಿಕ ತರ್ಕದ ಯಾವ ಭಾಗವಾದರೂ ನಿರ್ಣಯಕ್ಕೆ ಒಳಪಟ್ಟೀತೇ ಎಂಬ ಪ್ರಶ್ನೆಗೆ ಹೆಚ್ಚಿನ ಬೆಲೆ ಬಂದಿತು. ಬ್ಯೂಖಿಯವರ 1960ರ ಪ್ರಬಂಧದ ಮಹತ್ತ್ವವನ್ನು ಈ ಹಿನ್ನೆಲೆಯಲ್ಲಿ ಅಳೆಯಬೇಕು.

ಪರಿಮಿತ ಸ್ಥಿತಿಯಂತ್ರವೆಂಬುದು ಅಕ್ಷರಗಳನ್ನು ಒಂದೊಂದಾಗಿ ಓದಿ, ಸ್ಥಿತಿಯನ್ನು ಬದಲಿಸುತ್ತ, ಕಡೆಯಲ್ಲಿ ಒಪ್ಪುವ ಅಥವಾ ತಳ್ಳುವ ಕಲ್ಪಿತ ಯಂತ್ರ. ತಾನಿರುವ ಸ್ಥಿತಿಯ ಹೊರತು ಅದಕ್ಕೆ ಬೇರೆ ನೆನಪಿಲ್ಲ. ಮೆಕಲಕ್ ಮತ್ತು ಪಿಟ್ಸರು 1943ರಲ್ಲಿ ನರಕೋಶದ ವ್ಯಾಪಾರವನ್ನು ತರ್ಕವಾಕ್ಯವಾಗಿ ನಿರೂಪಿಸಿದ್ದರು. ಅಂತಹ ಜಾಲಗಳು ಯಾವ ಅಕ್ಷರಪಂಕ್ತಿಗಳನ್ನು ಗುರುತಿಸಬಲ್ಲವೆಂಬುದನ್ನು 1956ರಲ್ಲಿ ಕ್ಲೇನಿಯವರು ನಿಶ್ಚಯಿಸಿದರು. ಆದರೆ ಅವರ ನಿರೂಪಣೆ ಬೀಜಗಣಿತದ ರೀತಿಯದು. ‘ಉಂಟು’, ‘ಎಲ್ಲ’ ಎಂಬ ತರ್ಕಪದಗಳಿಗೆ ಅಲ್ಲಿ ಎಡೆಯಿರಲಿಲ್ಲ. ಆ ಕೊರತೆಯನ್ನು ಬ್ಯೂಖಿಯವರೂ, ಸ್ವತಂತ್ರವಾಗಿ ಎಲ್ಗಾಟ್ ಮತ್ತು ತ್ರಾಖ್ತೆನ್‌ಬ್ರೋತರೂ ತುಂಬಿದರು.

ಲಘು ಗುರುಗಳ ಸಾಲೊಂದರಲ್ಲಿ ಲಘುಗಳು ಸಮಸಂಖ್ಯೆಯಲ್ಲಿರಬೇಕೆಂದು ಭಾವಿಸೋಣ. ಯಂತ್ರಕ್ಕೆ ಎರಡೇ ಸ್ಥಿತಿ ಸಾಕು; ಲಘು ಬಂದಾಗಲೆಲ್ಲ ಒಂದರಿಂದ ಮತ್ತೊಂದಕ್ಕೆ ಸರಿದರಾಯಿತು. ಬಿಡಿ ಸ್ಥಾನಗಳನ್ನೂ ಅವುಗಳ ಪೂರ್ವಾಪರವನ್ನೂ ಕುರಿತು ಮಾತ್ರ ನುಡಿಯುವ ತರ್ಕಕ್ಕಾದರೋ ಇದು ಅಸಾಧ್ಯ. ಸ್ಥಾನಗಳ ಸಮೂಹವನ್ನೂ ಕುರಿತು ನುಡಿಯಬಹುದಾದರೆ ಕಷ್ಟವಿಲ್ಲ: ಮೊದಲ ಲಘು ಸೇರಿ, ಮುಂದಿನದು ಸೇರದೆ, ಹೀಗೆ ಒಂದು ಬಿಟ್ಟು ಒಂದು ಸೇರುತ್ತ, ಕಡೆಯ ಲಘು ಹೊರಗುಳಿಯುವ ಸಮೂಹವೊಂದುಂಟು ಎಂದರೆ ಸಾಕು. ಈ ಎರಡನೆಯ ತರ್ಕದ ಶಕ್ತಿಯೂ ಯಂತ್ರದ ಶಕ್ತಿಯೂ ಸಮವೆಂಬುದೇ ಪ್ರಮೇಯ. ವಾಕ್ಯವನ್ನು ಯಂತ್ರವಾಗಿ ಮಾರ್ಪಡಿಸಿ, ಆರಂಭದಿಂದ ಒಪ್ಪುವ ಸ್ಥಿತಿಗೆ ದಾರಿಯುಂಟೇ ಎಂದು ನೋಡಿದರೆ, ಆ ವಾಕ್ಯಕ್ಕೆ ಹೊಂದುವ ಸಾಲು ಇದೆಯೇ ಎಂಬುದು ನಿರ್ಣಯವಾಗುತ್ತದೆ.

ಆದರೂ ಇದನ್ನು ‘ವಾಕ್ಯವೂ ಯಂತ್ರವೂ ಒಂದೇ’ ಎಂದು ಸಂಗ್ರಹಿಸುವುದು ಯುಕ್ತವಲ್ಲ. ‘ಉಂಟು’ ಎಂಬ ಪದ ಯಂತ್ರಕ್ಕೆ ಹಲವು ದಾರಿಗಳನ್ನು ತೆರೆಯುತ್ತದೆ. ಅದನ್ನು ‘ಅಲ್ಲ’ ಎಂದು ನಿಷೇಧಿಸಬೇಕಾದರೆ ಆ ದಾರಿಗಳನ್ನೆಲ್ಲ ಒಟ್ಟಿಗೆ ನೆನಪಿಡುವ ಹೊಸ ಯಂತ್ರ ಬೇಕು. ಆಗ 10 ಸ್ಥಿತಿಗಳು 1024ರವರೆಗೆ ಬೆಳೆಯಬಹುದು. ಪದಗಳು ಹೀಗೆ ಒಂದರೊಳಗೊಂದು ಬಂದಂತೆ ಘಾತದ ಮೇಲೆ ಘಾತವೇರುತ್ತದೆ. ಈ ಹೊರೆಯಿಂದ ಯಾವ ನಿರ್ಣಯಮಾರ್ಗವೂ ಪಾರಾಗದೆಂದು 1970ರ ದಶಕದಲ್ಲಿ ಮೇಯರ್ ಮತ್ತು ಸ್ಟಾಕ್‌ಮೆಯರರು ಸಾಧಿಸಿದರು.

ಆದುದರಿಂದ ಪ್ರಮೇಯವು ಸ್ಥಾಪಿಸುವುದು ವ್ಯಾಪ್ತಿಯ ಸಮತೆಯನ್ನೇ ಹೊರತು ಸಂಕ್ಷೇಪದ ಸಮತೆಯನ್ನಲ್ಲ. ಒಂದು ಸಾಲಿನಲ್ಲಿ ನುಡಿದುದನ್ನು ನಡೆಯಿಸಲು ಎಣಿಕೆಗೆ ಮೀರಿದ ಸ್ಥಿತಿಗಳು ಬೇಕಾಗಬಹುದು. ಈ ಭೇದವನ್ನು ಮರೆಯದೆ ಓದಿದವರಿಗೇ ಪ್ರಮೇಯದ ನಿಜವಾದ ಬೆಲೆ ತಿಳಿದೀತು.