ಜಾವಾ ಕಂಪೈಲರ್: ದಾರಿ ಉಂಟು, ಬೇಲಿ ಇಲ್ಲ

ಜಾವಾ ಕಲಿಸುವಾಗ 'ಪಬ್ಲಿಕ್', 'ಪ್ರೈವೇಟ್'ಗಳಿಗೆ ಇಡೀ ಅಧ್ಯಾಯವನ್ನೇ ಮೀಸಲಿಡುತ್ತೇವೆ; ಕ್ಲಾಸ್‌ಪಾತ್ ಕುರಿತು ಎರಡು ಸಾಲು ಹೇಳಿ ಮುಂದೆ ಸಾಗುತ್ತೇವೆ. ಜಾವಾದ ನಿಜವಾದ ದೌರ್ಬಲ್ಯವಿರುವುದು ಇವೆರಡೂ ಸಂಧಿಸುವ ಜಾಗದಲ್ಲಿ.

ಕ್ಲಾಸ್‌ಪಾತ್ ಎಂದರೆ ಕ್ಲಾಸ್‌ಗಳನ್ನು ಹುಡುಕಬೇಕಾದ ಫೋಲ್ಡರ್ ಹಾಗೂ ಜಾರ್ ಕಡತಗಳ ಪಟ್ಟಿ. ಒಂದೇ ಹೆಸರಿನ ಕ್ಲಾಸ್ ಕಡತ ಎರಡು ಕಡೆ ಇದ್ದರೆ ಪಟ್ಟಿಯಲ್ಲಿ ಮೊದಲು ಬರುವ ಸ್ಥಳದ್ದೇ ಆಯ್ಕೆಯಾಗುತ್ತದೆ. ಎರಡನೆಯದರ ಬಗ್ಗೆ ಎಚ್ಚರಿಕೆಯೂ ಇಲ್ಲ. 'ಹಳೆ' ಫೋಲ್ಡರಿನ ಕ್ಲಾಸಿನಲ್ಲಿ ಗುರುತ್ವ ವೇಗೋತ್ಕರ್ಷ 9.8 ಎಂದೂ 'ಹೊಸ' ಫೋಲ್ಡರಿನದರಲ್ಲಿ 9.81 ಎಂದೂ 'ಸ್ಟ್ಯಾಟಿಕ್ ಫೈನಲ್' ಆಗಿ ಘೋಷಿಸಿದೆ ಎನ್ನೋಣ. ಕಂಪೈಲ್ ಮಾಡುವಾಗ 'ಹಳೆ' ಮೊದಲಿದ್ದರೆ 9.8 ಎಂಬ ಸಂಖ್ಯೆಯೇ ಅದನ್ನು ಬಳಸುವ ಪ್ರೋಗ್ರಾಮಿನ ಬೈಟ್‌ಕೋಡಿಗೆ ಸೇರಿಬಿಡುತ್ತದೆ. ಆಮೇಲೆ 'ಹೊಸ'ವನ್ನು ಮೊದಲಿಟ್ಟು ಓಡಿಸಿದರೂ ಉತ್ತರ ಬದಲಾಗದು. ಶೂನ್ಯ ದೋಷವನ್ನು ತಿದ್ದದ ಸ್ಕ್ರೂಗೇಜಿನಂತೆ, ಇಲ್ಲಿ ತಪ್ಪು ಸದ್ದಿಲ್ಲದೆ ಫಲಿತಾಂಶದೊಳಗೆ ನುಸುಳುತ್ತದೆ.

ಇನ್ನು ಪ್ರವೇಶದ ಪ್ರಶ್ನೆ. ತನ್ನದೇ ಎರಡು ಪ್ಯಾಕೇಜುಗಳ ನಡುವೆ ಹಂಚಿಕೊಳ್ಳಲೆಂದು ಲೈಬ್ರರಿಯ ಕರ್ತೃ ಒಂದು ಕ್ಲಾಸನ್ನು 'ಪಬ್ಲಿಕ್' ಮಾಡಿದರೆ ಕ್ಲಾಸ್‌ಪಾತ್‌ನಲ್ಲಿ ಅದು ಎಲ್ಲರಿಗೂ ತೆರೆದಂತೆಯೇ. ಜಾವಾದ ಒಳಬಳಕೆಗಿದ್ದ ಬೇಸ್64 ಎನ್‌ಕೋಡರ್ ಕ್ಲಾಸನ್ನು ಹೊರಗಿನವರು ಬಳಸತೊಡಗಿದ್ದು ಹೀಗೆಯೇ. ಕಂಪೈಲರ್ ಎಚ್ಚರಿಸುತ್ತಿತ್ತು, ತಡೆಯುತ್ತಿರಲಿಲ್ಲ. 2017ರಲ್ಲಿ ಜಾವಾ 9 ಅದನ್ನು ತೆಗೆದುಹಾಕಿದಾಗ, ಅದನ್ನೇ ನೆಚ್ಚಿಕೊಂಡಿದ್ದ ಪ್ರೋಗ್ರಾಮುಗಳನ್ನು ತಿದ್ದಬೇಕಾಯಿತು.

ಎಕ್ಲಿಪ್ಸ್ ಕಂಪೈಲರ್ ಈ ಕೊರತೆಯನ್ನು ಅರ್ಧ ತುಂಬಿದೆ. ಅದರಲ್ಲಿ ಕ್ಲಾಸ್‌ಪಾತ್‌ನ ಪ್ರತಿ ಸ್ಥಳಕ್ಕೂ ಮೂರು ಬಗೆಯ ನಿಯಮಗಳನ್ನು ಲಗತ್ತಿಸಬಹುದು: ಬಳಸಬಹುದು, ಬಳಸದಿರುವುದು ಲೇಸು, ಬಳಸಕೂಡದು. ನಿಯಮಗಳನ್ನು ಬರೆದ ಕ್ರಮದಲ್ಲೇ ನೋಡಿ, ಹೊಂದುವ ಮೊದಲನೆಯದನ್ನು ಅದು ಅನ್ವಯಿಸುತ್ತದೆ. ಆದರೆ ಈ ನಿಯಮಗಳು ಕ್ಲಾಸ್ ಕಡತದಲ್ಲಿ ದಾಖಲಾಗುವುದಿಲ್ಲ. ಜೆಡಿಕೆ ಜೊತೆಗೆ ಬರುವ ಕಂಪೈಲರಿಗೆ ಇವು ಗೊತ್ತೇ ಇಲ್ಲ; ಪ್ರೋಗ್ರಾಮ್ ಓಡುವಾಗಲೂ ಇವುಗಳ ತಡೆಯಿಲ್ಲ.

ಜಾವಾ 9ರ ಮಾಡ್ಯೂಲ್ ವ್ಯವಸ್ಥೆಯೇ ಸರಿಯಾದ ಪರಿಹಾರವೆಂಬುದು ನನ್ನ ಅಭಿಪ್ರಾಯ. ಹೊರಗಿನವರಿಗೆ ಯಾವ ಪ್ಯಾಕೇಜು ಲಭ್ಯ ಎಂಬುದನ್ನು ಅಲ್ಲಿ ಘೋಷಿಸಲೇಬೇಕು. ಕಂಪೈಲರ್ ಮತ್ತು ವರ್ಚುಯಲ್ ಮಷಿನ್ ಎರಡೂ ಅದನ್ನು ಪಾಲಿಸುತ್ತವೆ. ಆದರೆ ಕ್ಲಾಸ್‌ಪಾತ್‌ನಲ್ಲಿರುವುದೆಲ್ಲ ಹೆಸರಿಲ್ಲದ ಒಂದೇ ಮಾಡ್ಯೂಲಿಗೆ ಸೇರುವುದರಿಂದ, ಅಲ್ಲಿ ಹಳೆಯ ಸಮಸ್ಯೆ ಹಾಗೆಯೇ ಉಳಿದಿದೆ.

ಆದ್ದರಿಂದ ಅಧ್ಯಾಪಕರು ಮೇಲಿನ ಎರಡು ಫೋಲ್ಡರುಗಳ ಪ್ರಯೋಗವನ್ನು ವಿದ್ಯಾರ್ಥಿಗಳಿಂದ ಮಾಡಿಸಲಿ. 'ವರ್ಬೋಸ್' ಆಯ್ಕೆ ಕೊಟ್ಟರೆ ಕಂಪೈಲರ್ ಯಾವ ಕ್ಲಾಸನ್ನು ಎಲ್ಲಿಂದ ತಂದಿತೆಂದು ತೋರಿಸುತ್ತದೆ. ಕಂಪೈಲ್ ಆಯಿತೆಂದ ಮಾತ್ರಕ್ಕೆ ಪ್ರೋಗ್ರಾಮ್ ಸರಿಯೆಂದಲ್ಲ ಎಂಬ ಪಾಠ ಆಗ ತಾನಾಗಿ ಮನದಟ್ಟಾಗುತ್ತದೆ.